ಏಳನೇ ಕಾಟಿನ ಹೇಳಿಕೆ

ಕೆಲಸಕ್ಕೆ ಸೇರುವ ದಿನ ತುಂಬಿಸಿಕೊಂಡ ಫಾರ್ಮಿನಲ್ಲಿ ಕೆಳಗಿನಿಂದ ಮೂರನೇ ಸಾಲು ಹೀಗಿತ್ತು: ಬಹುಕಾಲದ ಕಾಯಿಲೆ ಏನಾದರೂ ಇದೆಯೇ? ಅದರ ಮುಂದೆ ಸಪನಾ ‘ಇಲ್ಲ’ ಎಂದು ಬರೆದಳು. ಬರೆಯುವಾಗ ಅಳುಕಲಿಲ್ಲ. ಅಳುಕಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಅವಳು ನಿಪ್ಪಾಣಿ ಕಡೆಯ ಭೋಜ ಎಂಬ ಊರಿನ ಲಗಮಪ್ಪನ ಎರಡನೇ ಮಗಳು. ಹದಿನಾಲ್ಕನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬಂದು ಗುಳಿಗೆಗೆ ಬಗ್ಗುತ್ತದಲ್ಲ, ಆ ಜಾತಿಯದಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ ಚುಚ್ಚಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಸೂಜಿ ಚುಚ್ಚಿಕೊಂಡು ಊಟ ತಪ್ಪಿಸಿದರೆ ಅದು ಇನ್ನೊಂದು ಕಷ್ಟ. ರಕ್ತದೊಳಗಿನ ಸಕ್ಕರೆ ಇಳಿಯುತ್ತದೆ, ಮೈ ಬೆವರುತ್ತದೆ, ಕಣ್ಣು ತೆರೆದಿದ್ದ ಹಾಗೆಯೇ ಬುದ್ಧಿ ಮನೆ ಬಿಟ್ಟು ಹೊರಗೆ ಹೋಗುತ್ತದೆ.

ಮೊದಲ ಸಲ ಹಾಗಾದದ್ದು ಮನೆಯ ಅಂಗಳದಲ್ಲಿ. ಓಣಿಯ ಹೆಂಗಸರು ಸೇರಿ, “ಮುದಿಕಿ ಮೈಮ್ಯಾಲ ಬರತಿದ್ದ ಎಲ್ಲವ್ವ ಈಗ ಮೊಮ್ಮಗಳನ್ನ ಹುಡಿಕ್ಕೊಂಡ ಬಂದಾಳ, ಕೊಕಟನೂರ ಎಲ್ಲವ್ವನ ಗುಡಿಗಿ ಕರಕೊಂಡ ಹೋಗ್ರಿ” ಎಂದರು. ಲಗಮಪ್ಪನ ತಾಯಿ ಮೈಮೇಲೆ ದೇವಿ ಬರುತ್ತಿದ್ದದ್ದು ನಿಜ. ಆ ದೇವಿಯ ಹೆಸರಿನಲ್ಲಿ ಅವಳು ಪಟ್ಟ ಪಾಡನ್ನು ಮಗ ಕಣ್ಣಾರೆ ಕಂಡಿದ್ದ. ಅವಳು ಸತ್ತ ಮೇಲೆ ಗೋಡೆಯ ಮಾಡದಲ್ಲಿದ್ದ ದೇವರನ್ನೆಲ್ಲ ನೀರಿಗೆ ಬಿಟ್ಟು, ಬುದ್ಧನ ಒಂದು ಫೋಟೊ ಇಟ್ಟುಕೊಂಡಿದ್ದ. ಆ ದಿನ ಹೆಂಗಸರ ಮುಂದೆ ನಿಂತು ಅವನು ಒಂದೇ ಮಾತು ಹೇಳಿದ: “ನಮ್ಮ ಮನ್ಯಾಗ ಇನ್ನ ಯಾರ ಮೈಮ್ಯಾಲೂ ಯಾರೂ ಬರಾಂಗಿಲ್ಲ.” ಮಗಳನ್ನು ಮೋಟಾರ್ ಸೈಕಲ್ಲಿನ ಮೇಲೆ ತನಗೂ ಹೆಂಡತಿ ಅಕ್ಕುತಾಯಿಗೂ ನಡುವೆ ಕೂರಿಸಿಕೊಂಡು ನಿಪ್ಪಾಣಿಯ ಡಾಕ್ಟರ ಹತ್ತಿರ ಹೋದ. ಹುಡುಗಿ ಉಳಿದಳು. ತಾನೂ ಇನ್ನೊಬ್ಬರನ್ನು ಉಳಿಸಬೇಕು ಎಂದು ನರ್ಸಿಂಗ್ ಓದಿದಳು.

ಓದಿದ ಮೇಲೆ ಮೊದಲು ಹೋದ ಎರಡು ಆಸ್ಪತ್ರೆಗಳಲ್ಲಿ ಫಾರ್ಮಿನ ಆ ಸಾಲಿಗೆ ಸತ್ಯವನ್ನೇ ಬರೆದಿದ್ದಳು. ಒಂದು ಕಡೆ, ತಿಳಿಸುತ್ತೇವೆ ಎಂದರು. ಇನ್ನೊಂದು ಕಡೆ ಒಬ್ಬ ಮ್ಯಾನೇಜರ್ ನಕ್ಕು, “ನೀನ ಪೇಶಂಟ್ ಅದಿ. ನಿನ್ನ ನೋಡಾಕ ಇನ್ನೊಬ್ಬ ನರ್ಸ್ ಇಡಬೇಕನ?” ಎಂದ. ಹಾಗಾಗಿ ಅಥಣಿಯ ಈ ಇಪ್ಪತ್ತೈದು ಕಾಟಿನ ಆಸ್ಪತ್ರೆಗೆ ಬಂದಾಗ ‘ಇಲ್ಲ’ ಎಂದು ಬರೆದಳು. ಆರು ತಿಂಗಳು ನೋಡಿ ಕಾಯಂ ಮಾಡುವುದು ಎಂದಾಗಿತ್ತು. ಈಗ ಐದನೇ ವಾರ. ಸೂಜಿಯ ಪೆನ್ನು ಪರ್ಸಿನಲ್ಲಿ ಪೌಡರ್ ಡಬ್ಬಿಯ ಕೆಳಗೆ ಇರುತ್ತಿತ್ತು. ಚುಚ್ಚಿಕೊಳ್ಳುವುದು ಸಂಡಾಸಿನ ಚಿಲಕ ಹಾಕಿಕೊಂಡು.

ಏಳನೇ ಕಾಟಿನ ಮೇಲೆ ಮಲಕಾರಿ ಎಂಬ ಕುರಿಗಾರನಿದ್ದ. ಅರವತ್ತು ದಾಟಿದ ಉದ್ದನೆಯ ಮನುಷ್ಯ. ಕಟಾವಾದ ಕಬ್ಬಿನ ಹೊಲದಲ್ಲಿ ಕುರಿ ಬಿಟ್ಟಾಗ ಕೂಳೆಯ ಚೂಪು ಮೋಟು ಕಾಲಿಗೆ ಚುಚ್ಚಿತ್ತು. ಅರಿಸಿನ ಹಚ್ಚಿ, ಸುಣ್ಣ ಹಚ್ಚಿ, ಬಟ್ಟೆ ಸುತ್ತಿ ಹತ್ತು ದಿನ ತಿರುಗಿದ್ದ. ಆಸ್ಪತ್ರೆಗೆ ಬರುವ ಹೊತ್ತಿಗೆ ಪಾದದ ಮುಂಭಾಗ ಕಪ್ಪಾಗಿ, ವಿಷ ಮೇಲೇರತೊಡಗಿತ್ತು. ಕೊಳೆತದ್ದನ್ನು ಕೊಯ್ದು ತೆಗೆದು, ಸಲೈನಿನಲ್ಲಿ ದಿನಕ್ಕೆ ಮೂರು ಸಲ ಔಷಧಿ ಬಿಡುತ್ತಿದ್ದರು. “ಐದ ದಿನ ತಪ್ಪಬಾರದು. ತಪ್ಪಿದ್ರ ಮೊದಲ ಕಾಲ ಹೋಗತೈತಿ, ಆಮ್ಯಾಲ ಮನುಷ್ಯಾ ಹೊಕ್ಕಾನ” ಎಂದು ಡಾಕ್ಟರು ಅವನ ಮಗ ದುಂಡೇಶನಿಗೆ ಹೇಳಿದ್ದರು.

ಹೆಂಡತಿ ತಾರವ್ವ ಕಾಟಿನ ಪಕ್ಕದ ನೆಲವನ್ನು ಬಿಟ್ಟು ಏಳುತ್ತಿರಲಿಲ್ಲ. ಸೊಂಟದಲ್ಲಿ ಭಂಡಾರದ ಚೀಲ. ಆ ಅರಿಸಿನದ ಪುಡಿಯೇ ಅವರ ದೇವರು. ಮೊದಲ ದಿನವೇ ಸಪನಾಳನ್ನು ಕೇಳಿದ್ದಳು: “ತಂಗಿ, ನಿಮ್ಮ ಮನಿ ದೇವರ ಯಾವುದ?”

ಆ ಕಡೆ ಈ ಪ್ರಶ್ನೆಯನ್ನು ದೇವರ ಬಗ್ಗೆ ತಿಳಿಯಲೆಂದೇ ಯಾರೂ ಕೇಳುವುದಿಲ್ಲ. ಸಪನಾಳಿಗೂ ಅದು ಗೊತ್ತು. “ನಮ್ಮ ಮನ್ಯಾಗ ದೇವರಿಲ್ರಿ. ಬುದ್ಧನ ಫೋಟೊ ಐತಿ” ಎಂದಳು.

ತಾರವ್ವ ಚೀಲದ ದಾರ ಬಿಗಿದುಕೊಂಡು, “ಇರಲಿ ಬಿಡ. ಸೂಜಿ ಹಾಕೂ ಕೈ ಹಗರ ಐತಿ ನಿಂದು” ಎಂದಳು.

ಜ್ವರದಲ್ಲಿ ಮಲಕಾರಿ ಏನೇನೋ ಒದರುತ್ತಿದ್ದ. ಸಪನಾ ಅದನ್ನೆಲ್ಲ ಕಿವಿಗೊಟ್ಟು ಕೇಳುತ್ತಿರಲಿಲ್ಲ. ಜ್ವರದ ಮಾತು ಕೇಳುತ್ತ ಕುಳಿತರೆ ಇಪ್ಪತ್ತೈದು ಕಾಟು ಯಾರು ನೋಡಬೇಕು?

ಬುಧವಾರ ಮಧ್ಯಾಹ್ನ ಒಂದೂವರೆಗೆ ಸೂಜಿ ಚುಚ್ಚಿಕೊಂಡು, ಊಟದ ಡಬ್ಬಿಯ ಮುಚ್ಚಳ ತೆರೆದಿದ್ದಳು. ಹೊರಗೆ ಗದ್ದಲ. ಕಬ್ಬಿನ ಟ್ರ್ಯಾಕ್ಟರ್ ಮಗುಚಿ ನಾಲ್ವರನ್ನು ಹೊತ್ತು ತಂದಿದ್ದರು. ಹಿರಿಯ ನರ್ಸ್ ಸುಂದರಾ ಬಾಗಿಲಲ್ಲೇ ನಿಂತು, “ಸಪನಾ, ಉಣ್ಣೂದ ಆಮ್ಯಾಲ. ಬಾ” ಎಂದಳು. ನನಗೆ ಈಗ ಉಣ್ಣಲೇಬೇಕು ಎನ್ನಬೇಕಿತ್ತು. ಅಂದರೆ ಯಾಕೆ ಎಂದು ಕೇಳುತ್ತಾರೆ. ಸಪನಾ ಡಬ್ಬಿ ಮುಚ್ಚಿ ಎದ್ದಳು. ಹೊಲಿಗೆ, ಪಟ್ಟಿ, ರಕ್ತ ಒರೆಸುವುದು, ಮತ್ತೆ ಹೊಲಿಗೆ. ಮೂರಕ್ಕೆ ಹತ್ತು ನಿಮಿಷವಿದ್ದಾಗ ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ. ಏಳನೇ ಕಾಟಿನ ಸಲೈನ್ ಮುಗಿದಿರಬೇಕು ಎಂದುಕೊಂಡದ್ದು ನೆನಪಿದೆ. ಫ್ಯಾನಿನ ಸದ್ದು ನಿಂತಿತು, ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಎಲ್ಲಿಂದಲೋ ತೊಯ್ದ ಕಂಬಳಿಯ ವಾಸನೆ. ಅಷ್ಟೇ.

ಮತ್ತೆ ಅರಿವಾದಾಗ ಅವಳು ಡ್ರೆಸ್ಸಿಂಗ್ ಕೋಣೆಯ ಸ್ಟೂಲಿನ ಮೇಲಿದ್ದಳು. ತೊಡೆಯ ಮೇಲೆ ಹರಿದ ಗ್ಲುಕೋಸ್ ಪುಡಿಯ ಎರಡು ಪೊಟ್ಟಣ, ತುಟಿ, ಗಲ್ಲ, ಬೆರಳೆಲ್ಲ ಬಿಳಿ ಪುಡಿ. ಎಂಟು ವರ್ಷದ ಅಭ್ಯಾಸ, ಬುದ್ಧಿ ಇಲ್ಲದಾಗಲೂ ಕೈ ತನ್ನ ಕೆಲಸ ಮಾಡಿಕೊಂಡಿತ್ತು. ಬಾಗಿಲು ಹಾಕಿ ಬೆರಳಿಗೆ ಚುಚ್ಚಿ ಮೀಟರಿನಲ್ಲಿ ನೋಡಿದಳು. ಅರವತ್ತೊಂದು. ಗ್ಲುಕೋಸ್ ತಿಂದ ಮೇಲೆ ಅರವತ್ತೊಂದು ಅಂದರೆ ಅದಕ್ಕೂ ಮೊದಲು ಎಷ್ಟಿತ್ತೋ. ಗಡಿಯಾರದಲ್ಲಿ ಮೂರೂ ಇಪ್ಪತ್ತು. ಅರ್ಧ ಗಂಟೆ ಎಲ್ಲಿಗೆ ಹೋಯಿತು?

ಮುಖ ತೊಳೆದುಕೊಳ್ಳಲು ಎದ್ದಾಗ ಕೆಳಗೆ ನೋಡಿದಳು. ಬಿಳಿ ಬೂಟು ಹಳದಿಯಾಗಿದ್ದವು. ಮೇಲಿನಿಂದ ಯಾರೋ ಹಿಡಿಹಿಡಿಯಾಗಿ ಸುರಿದ ಹಾಗೆ ಅರಿಸಿನ, ಲೇಸಿನ ಸಂದಿಗೂ ಇಳಿದಿತ್ತು.

ವಾರ್ಡಿಗೆ ಬಂದರೆ ಏಳನೇ ಕಾಟು ಖಾಲಿ. ಕಂಬಕ್ಕೆ ಸಲೈನ್ ಬಾಟಲಿ ತೂಗುತ್ತಿತ್ತು, ಕೊಳವೆಯ ತುದಿಯಿಂದ ಹನಿ ಹನಿ ನೆಲಕ್ಕೆ. ಕಾಟಿನ ಪಕ್ಕ ನೆಲದ ಮೇಲೆ ಭಂಡಾರ ಚೆಲ್ಲಿತ್ತು, ಅದರ ನಡುವೆ ಎರಡು ಬೂಟಿನ ಗುರುತು ಖಾಲಿಯಾಗಿ, ಸ್ವಚ್ಛವಾಗಿ ಉಳಿದಿದ್ದವು. ಅಳೆದು ನೋಡುವ ಅಗತ್ಯವಿರಲಿಲ್ಲ. ಉಳಿದ ಕಾಟುಗಳ ಮೇಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಕೆಮ್ಮುವವನೂ ಕೆಮ್ಮಲಿಲ್ಲ.

ಎಂಟನೇ ಕಾಟಿನಲ್ಲಿ ತನ್ನ ಅತ್ತೆಯನ್ನು ನೋಡಿಕೊಳ್ಳಲು ಕೂತಿದ್ದ ಕಾಲೇಜು ಹುಡುಗಿ ಮೇಘಾಳನ್ನು ಸಪನಾ ಹೊರಗೆ ಕರೆದಳು. “ಏನಾತು ಹೇಳ.”

“ನಿಮಗ ಗೊತ್ತಿಲ್ಲೇನ್ರಿ ಅಕ್ಕಾ?”

“ಗೊತ್ತಿದ್ರ ಯಾಕ ಕೇಳತಿದ್ನಿ?”

ಮೇಘಾ ಗೋಡೆಗೆ ಒತ್ತಿಕೊಂಡು ನಿಂತು ಹೇಳಿದಳು. “ನೀವು ಸಲೈನ್ ನೋಡಾಕ ಬಂದ್ರಿ. ಬಂದಾವ್ರು ಹಂಗ ನಿಂತ್ರಿ. ಬೆವರ ಇಳ್ಯಾಕತ್ತಿತ್ತು, ಮೈ ತೂಗಾಕತ್ತಿತ್ತು. ಆಮ್ಯಾಲ ಆ ಮುದುಕರ ಹಣಿ ಮ್ಯಾಲ ಕೈ ಇಟ್ಟ, ‘ಮಲ್ಯಾ, ಏಳೋ, ಇಲ್ಲೆ ಯಾಕ ಮಲಗಿ, ಬನ್ನಿ ಗಿಡದ ಬುಡಕ್ಕ ಬಾ, ನಾ ಎಷ್ಟೊತ್ತ ಕಾಯಲಿ’ ಅಂದ್ರಿ. ಮುದುಕರು ಎದ್ದ ಕುಂತ ಅಳಾಕತ್ರು. ಆ ಯಮ್ಮ ನಿಮ್ಮ ಕಾಲಿಗಿ ಭಂಡಾರ ಸುರುವಿ, ‘ನಮ್ಮತ್ತಿ ಬಂದಾಳ’ ಅಂದ್ಲು. ಆ ಮುದುಕರ ತಾಯಿ ಸತ್ತ ಹದಿನೆಂಟ ವರ್ಷ ಆತಂತ. ಬನ್ನಿ ಗಿಡದ ಬುಡಕ್ಕ ಮಣ್ಣ ಕೊಟ್ಟಾರಂತ. ಮಲ್ಯಾ ಅಂತ ಆಕಿ ಒಬ್ಬಾಕಿನ ಕರಿತಿದ್ಲಂತ.” ಹುಡುಗಿ ಒಮ್ಮೆ ವಾರ್ಡಿನ ಕಡೆ ತಿರುಗಿ ನೋಡಿದಳು. “ಅಕ್ಕಾ, ಅದ ನಿಮ್ಮ ಧ್ವನಿ ಇರಲಿಲ್ರಿ.”

ಸುಂದರಾ ಸಿಟ್ಟಿನಿಂದ ಕುದಿಯುತ್ತಿದ್ದಳು. ಎಲ್ಲರೂ ಟ್ರ್ಯಾಕ್ಟರಿನವರ ಕಡೆ ಇದ್ದಾಗ ಮಗ ಬಂದು, ನಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತೇವೆ ಎಂದು ಸಹಿ ಹಾಕಿ ಟೆಂಪೋದಲ್ಲಿ ಹೊತ್ತುಕೊಂಡು ಹೋಗಿದ್ದ. “ಸಿಸ್ಟರ ಹೇಳ್ಯಾರ ಅಂದ್ನಂತ. ಯಾ ಸಿಸ್ಟರ? ನೀ ಏನರ ಅಂದೇನು?”

“ಇಲ್ರಿ” ಎಂದಳು ಸಪನಾ. ಮೊದಲನೇ ‘ಇಲ್ಲ’ ಹೆತ್ತ ಮರಿ ಇದು.

ಕೇಸ್ ಪೇಪರಿನಲ್ಲಿದ್ದ ನಂಬರಿಗೆ ಸಂಜೆಯ ತನಕ ಮತ್ತೆ ಮತ್ತೆ ಫೋನ್ ಮಾಡಿದಳು. ಕೊನೆಗೆ ಎತ್ತಿದವಳು ಮಲಕಾರಿಯ ಸೊಸೆ ಕೋಮಲ. ಸಪನಾಳ ದನಿ ಕೇಳಿದ ಕೂಡಲೇ ಆ ಕಡೆ ಪಿಸುಮಾತಾಯಿತು. “ಯವ್ವಾ, ನೀವ ಹೇಳಿದಂಗ ಮಾಡೇವ್ರಿ. ಗಿಡದ ಬುಡಕ್ಕ ಮಲಗಿಸೇವ್ರಿ. ಇನ್ನೇನ ಮಾಡಬೇಕರಿ?”

“ಇದೀಗ ವಾಪಸ್ ಕರಕೊಂಡ ಬರ್ರಿ. ಔಷಧಿ ತಪ್ಪಿದ್ರ—”

ಫೋನ್ ತಾರವ್ವನ ಕೈಗೆ ಹೋಗಿತ್ತು. “ತಂಗಿ, ಈಗ ಮಾತಾಡಾಕಿ ನೀ ಅದಿ. ನಮಗ ಹೇಳಿದಾಕಿ ಬ್ಯಾರೆ. ಆಕಿ ಬಂದ ಹೇಳಿದ್ರ ಕರಕೊಂಡ ಬರತೇವಿ.” ಫೋನು ನಿಂತಿತು.

ಅವತ್ತು ಅವಳು ತನಗೆ ತಾನೇ ಲೆಕ್ಕ ಒಪ್ಪಿಸಿದಳು. ಮಲ್ಯಾ ಎಂಬ ಹೆಸರು ಮಲಕಾರಿಯ ಬಾಯಿಂದಲೇ ಜ್ವರದಲ್ಲಿ ಬಿದ್ದಿರಬೇಕು. ಬನ್ನಿ ಗಿಡವೂ ಹಾಗೆಯೇ. ಕಿವಿ ಕೇಳಿಸಿಕೊಂಡು ಒಳಗಿಟ್ಟುಕೊಂಡದ್ದನ್ನು ಬಾಯಿ ಹೊರಗೆ ಹಾಕಿದೆ. ಇದು ಸರಿಯಾದ ವಿವರಣೆ. ಆದರೆ ಸರಿಯಾದ ವಿವರಣೆಗೂ ಬೆನ್ನು ತಣ್ಣಗಾಗುವುದಕ್ಕೂ ಸಂಬಂಧವಿಲ್ಲ. ಎರಡೂ ಒಂದೇ ಮೈಯಲ್ಲಿ ಇರುತ್ತವೆ.

ಮರುದಿನ ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ಹೊಟ್ಟೆ ತುಂಬ ಅವಲಕ್ಕಿ ತಿಂದು, ಡ್ಯೂಟಿಯ ಅಂಗಿ ತೊಟ್ಟು, ಮೊದಲ ಬಸ್ಸಿಗೆ ಮಲಕಾರಿಯ ಊರು ಕೊಕಟನೂರಿಗೆ ಹೋದಳು. ಅವನ ವಸ್ತಿಮನೆ ಊರಾಚೆ ಎರಡು ಕಿಲೋಮೀಟರ್, ಹೊಲದ ನಡುವೆ. ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು. ಬಿಸಿಲು ಬಿದ್ದಿತ್ತು, ಗಾಳಿ ಇರಲಿಲ್ಲ. ಆದರೂ ಬಲಗಡೆಯ ಕಬ್ಬಿನಲ್ಲಿ ಅವಳ ಹೆಜ್ಜೆಗೆ ಸರಿಯಾಗಿ ಗರಿ ಸರಿದಾಡುತ್ತಿತ್ತು. ನಿಂತರೆ ನಿಲ್ಲುತ್ತಿತ್ತು. ನಾಯಿ ಇದ್ದೀತು ಎಂದುಕೊಂಡು ನಡೆದಳು. ನಾಯಿ ಹೊರಗೆ ಬರಲಿಲ್ಲ.

ಎದುರಿಗೆ ಮೇವಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ಬಿಳಿ ಅಂಗಿ ನೋಡಿ ದಾರಿ ಬಿಟ್ಟಳು. ಹೊರೆ ಇಳಿಸಲಿಲ್ಲ, ಚಪ್ಪಲಿ ಕಳಚಿ ಬದಿಗೆ ನಿಂತಳು.

ಬನ್ನಿ ಗಿಡ ದೂರದಿಂದಲೇ ಕಂಡಿತು. ಕೆಳಗೆ ಮೂವತ್ತು ನಲವತ್ತು ಜನ ಕೂತಿದ್ದರು, ಅವರ ಹಿಂದೆ ಕುರಿಗಳು. ಮಾತಿಲ್ಲ. ಕುರಿಗಳೂ ಒದರುತ್ತಿರಲಿಲ್ಲ; ಮೇಯುವುದನ್ನು ಬಿಟ್ಟು ಎಲ್ಲ ಒಂದೇ ಕಡೆ ಮುಖ ಮಾಡಿ, ಅವಳು ಬರುತ್ತಿದ್ದ ದಾರಿಯನ್ನೇ ನೋಡುತ್ತ ನಿಂತಿದ್ದವು. ಜನ ಎದ್ದು ಎರಡು ಭಾಗವಾದರು. ನಡುವೆ ಹಾಸಿದ ಕಂಬಳಿಯ ಮೇಲೆ ಮಲಕಾರಿ. ಹಣೆ, ಎದೆ, ಕಾಲಿನ ಪಟ್ಟಿ ಎಲ್ಲ ಹಳದಿ. ಕೈಯಲ್ಲಿ ಸಲೈನಿನ ಸೂಜಿ ಹಾಗೇ ಇತ್ತು, ಅದಕ್ಕೂ ಭಂಡಾರ ಹಚ್ಚಿದ್ದರು. ತಲೆಯ ಹತ್ತಿರ ಅವನ ತಾಯಿಯ ಮಣ್ಣಿನ ಮೇಲೆ ನೆಟ್ಟ ಒಂದು ಕಲ್ಲು, ಅದಕ್ಕೆ ಹೊದಿಸಿದ ಹಸಿರು ಕುಬಸದ ಕಣ.

ಸಪನಾ ಮಂಡಿಯೂರಿ ನಾಡಿ ಹಿಡಿದಳು. ನೂರ ಮೂವತ್ತಕ್ಕೆ ಓಡುತ್ತಿತ್ತು. ಮೈ ಕೆಂಡ. ಪಟ್ಟಿಯಿಂದ ಬರುತ್ತಿದ್ದ ವಾಸನೆ ನಿನ್ನೆಯದಲ್ಲ. ಕೆಂಪು ಗೆರೆ ಮೊಣಕಾಲು ದಾಟಿತ್ತು. ಇವತ್ತು ಆಸ್ಪತ್ರೆ ಸೇರದಿದ್ದರೆ ನಾಳೆ ಸೇರಿಸುವುದು ಬೇಡ ಎಂದು ಹೇಳಲು ಡಾಕ್ಟರ್ ಆಗಬೇಕಿರಲಿಲ್ಲ.

ಅವಳು ಎದ್ದು ಹೇಳಿದಳು. ಎಷ್ಟು ಬಿಡಿಸಿ ಹೇಳಬಹುದೋ ಅಷ್ಟು ಬಿಡಿಸಿ ಹೇಳಿದಳು. ಜನ ತಲೆಯಾಡಿಸಿದರು, ಏಳಲಿಲ್ಲ. ಅವಳ ಮಾತು ಮುಗಿದ ಮೇಲೂ ಕಾಯುತ್ತಿದ್ದರು. ತಾರವ್ವ ಒಂದು ಮಣೆ ತಂದು ಕಲ್ಲಿನ ಮುಂದೆ ಇಟ್ಟಳು. “ಇದರ ಮ್ಯಾಲ ಕುಂಡ್ರ. ಆಕಿ ಬರೂತನಕ ನಾವು ಇಲ್ಲೇ ಇರತೇವಿ.”

ಆಗ ಸಪನಾಳಿಗೆ ಗೊತ್ತಾಯಿತು, ಎಷ್ಟು ಸುಲಭ. ಮಣೆಯ ಮೇಲೆ ಕೂತು ಕಣ್ಣು ಮುಚ್ಚಬೇಕು. ಸ್ವಲ್ಪ ಮೈ ತೂಗಬೇಕು. ಚಿಕ್ಕವಳಿದ್ದಾಗ ಅಜ್ಜಿ ಮಾಡುವುದನ್ನು ನೋಡಿದ್ದಳು. ಮೊದಲು ಬೆರಳ ತುದಿ, ಆಮೇಲೆ ಭುಜ, ಆಮೇಲೆ ಕುತ್ತಿಗೆ. ‘ಮಲ್ಯಾ, ದವಾಖಾನಿಗೆ ನಡಿ’ ಎಂದರೆ ಸಾಕು, ನಲವತ್ತು ಜನ ಅವನನ್ನು ಹೂವಿನ ಹಾಗೆ ಎತ್ತಿಕೊಂಡು ಓಡುತ್ತಾರೆ. ಕೆಲಸವೂ ಉಳಿಯುತ್ತದೆ, ಮುದುಕನೂ ಉಳಿಯುತ್ತಾನೆ. ಅವಳು ಮಣೆಯ ಮೇಲೆ ಕೂತಳು. ಕಣ್ಣನ್ನೂ ಮುಚ್ಚಿದಳು.

ಮುಚ್ಚಿದ ಕೂಡಲೇ ತೊಯ್ದ ಕಂಬಳಿಯ ವಾಸನೆ ಬಂತು. ಹೊಟ್ಟೆ ತುಂಬಿತ್ತು, ಸಕ್ಕರೆ ಇಳಿದಿರಲಿಲ್ಲ, ಮೈ ಬೆವತಿರಲಿಲ್ಲ. ಆದರೂ ನಾಲಿಗೆಯ ಬುಡದಲ್ಲಿ ಏನೋ ಒಂದು ಮಾತು, ಅವಳದಲ್ಲದ್ದು, ಬಾಗಿಲಿನ ಆಚೆ ನಿಂತವರು ಕದ ತೆರೆಯಲೆಂದು ಕಾಯುವ ಹಾಗೆ ಕಾಯುತ್ತಿತ್ತು. ಒಂದು ಸಲ ತೆರೆದರೆ ಇನ್ನು ಮುಂದೆ ಕೇಳದೆಯೇ ಒಳಗೆ ಬರುತ್ತದೆ. ಮಕ್ಕಳಿಲ್ಲದವರು ಬರುತ್ತಾರೆ, ದನ ಕಳೆದವರು ಬರುತ್ತಾರೆ, ಅಜ್ಜಿಯ ಹತ್ತಿರ ಬಂದ ಹಾಗೆ. ಅಪ್ಪ ಯಾವ ಬಾಗಿಲು ಹಾಕಿದ್ದನೋ ಅದರ ಅಗುಳಿ ಈಗ ಅವಳ ಕೈಯಲ್ಲಿತ್ತು.

ಸಪನಾ ಕಣ್ಣು ತೆರೆದಳು. “ನನ್ನ ಮೈಮ್ಯಾಲ ಯಾರೂ ಬಂದಿಲ್ರಿ. ನನಗ ಬ್ಯಾನಿ ಐತಿ.”

ಅವಳು ಮಣೆಯಿಂದ ಎದ್ದಳು.

“ಸಕ್ಕರಿ ಬ್ಯಾನಿ. ಎಂಟ ವರ್ಷ ಆತು. ನಿನ್ನಿ ಸೂಜಿ ಹಾಕ್ಕೊಂಡ ಉಣ್ಣದ ಕೆಲಸಾ ಮಾಡಿದ್ನಿ, ತಲಿ ಕೆಟ್ಟ ಏನೋ ಒದರೇನಿ. ಅದ ದೇವರ ಹೇಳಿಕಿ ಅಲ್ಲ. ದವಾಖಾನ್ಯಾಗೂ ಮುಚ್ಚಿಟ್ಟೇನಿ. ನಿಮ್ಮ ಮುಂದ ಹೇಳಾಕತ್ತೇನಿ.”

ದುಂಡೇಶ ಎದ್ದು ನಿಂತ. “ಹಂಗಾರ ಈ ಗಿಡದ ಸುದ್ದಿ ನಿಮಗ ಹೆಂಗ ಗೊತ್ತಾತ್ರಿ?”

“ಜ್ವರದಾಗ ನಿಮ್ಮಪ್ಪನ ಅಂದಿರಬೇಕು.”

“ಅಂದದ್ದ ನೀವು ಕೇಳೀರೇನ?”

ಸಪನಾ ಸುಳ್ಳು ಹೇಳಬಹುದಿತ್ತು. “ನೆನಪಿಲ್ರಿ” ಎಂದಳು.

ಮುದುಕನೊಬ್ಬ ನಕ್ಕ. “ಹೋದ ವರ್ಷ ನಮ್ಮ ಕಾಮಣ್ಣ ಪೂಜಾರಿನೂ ಹಂಗ ಅಂದಿದ್ದ. ದೇವರ ಬಂದಾವ್ರಿಗಿ ಏನೂ ನೆನಪಿರೂದಿಲ್ಲ.”

ಮೀಟರ್ ತೆಗೆದು ಬೆರಳಿಗೆ ಚುಚ್ಚಿ ತೋರಿಸಿದಳು. ನೂರ ನಲವತ್ತು. ಅಂಕಿ ನೋಡಿ ಯಾರಿಗೂ ಏನೂ ಅನ್ನಿಸಲಿಲ್ಲ. ಅಂಥ ಡಬ್ಬಿ ಯಾರ ಹತ್ತಿರವೂ ಇರಬಹುದು. ಆದರೆ ತಾರವ್ವ ಹತ್ತಿರ ಬಂದಳು. ಆ ಮುದುಕಿಗೆ ಒಂದು ಲೆಕ್ಕ ತೀರಬೇಕಿತ್ತು. ಅವರಲ್ಲಿ ಕುಂಟು ಟಗರನ್ನು, ಕಣ್ಣು ಹೋದ ಮರಿಯನ್ನು ದೇವರಿಗೆ ಬಿಡುವುದಿಲ್ಲ. ಪೂಜಾರಿಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಅವತ್ತು ಅವನು ಮಣೆ ಏರುವಂತಿಲ್ಲ. ಊನವಿರುವ ಮೈಗೆ ದೇವರು ಇಳಿಯುವುದಿಲ್ಲ.

“ಬ್ಯಾನಿ ಅಂತಿ. ತೋರಿಸ.”

“ಬ್ಯಾನಿ ಒಳಗ ಇರತೈತಿ ಆಯಿ. ಹೆಂಗ ತೋರಸ್ಲಿ?”

“ಎಂಟ ವರ್ಷ ಸೂಜಿ ಚುಚ್ಚಿದ ಮೈ ಹೇಳತೈತಿ. ನನ್ನ ಕೈಗಿ ತಿಳೀತೈತಿ.”

ಸಪನಾ ಗಂಡಸರ ಕಡೆ ಬೆನ್ನು ಮಾಡಿ ಕೂತು ಎಡ ತೋಳನ್ನು ಮೇಲಕ್ಕೆ ಸರಿಸಿದಳು. ತಾರವ್ವನ ಬೆರಳು ಒರಟಾಗಿ, ತಣ್ಣಗೆ ತೋಳಿನ ಹಿಂಬದಿಗೆ ತಗುಲಿತು. ಕುರಿಯ ತುಪ್ಪಳದೊಳಗೆ ಕೈಯಾಡಿಸಿ ಉಣ್ಣೆಹುಳ, ಗಂಟು, ಮುರಿದ ಮುಳ್ಳು ಪತ್ತೆ ಹಚ್ಚುವ ಬೆರಳು. ಅದು ನಿಧಾನವಾಗಿ ಒಂದೊಂದೇ ಗಂಟನ್ನು ಹುಡುಕಿ ಒತ್ತಿತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿ ಗಟ್ಟಿಯಾದ ಮಾಂಸ. ಸಪನಾಳ ತಾಯಿಯೂ ಅದನ್ನು ಮುಟ್ಟಿ ನೋಡಿರಲಿಲ್ಲ. ಆಮೇಲೆ ಹೊಟ್ಟೆ. ಅಲ್ಲಿಯೂ ಹಾಗೇ. ಮುದುಕಿ ಕೈ ತೆಗೆದಳು.

“ಖರೆ ಐತಿ. ಲಸಿಕಿ ಹಾಕಿದ ಕುರಿಗಿ ಒಂದ ಗಂಟ ಆಗತೈತಿ. ಈ ಪೋರಿ ಮೈ ತುಂಬ ಅದಾವ.” ಅವಳ ದನಿಯಲ್ಲಿ ಗಳಿಗೆಯ ಮಟ್ಟಿಗೆ ಮರುಕವಿತ್ತು. ಕೂಡಲೇ ಅದು ಹೋಯಿತು. ಅವಳು ಕಲ್ಲಿನ ಕಡೆ ನೋಡಿದಳು, ಸಪನಾಳ ಕಡೆ ನೋಡಿದಳು, ಮೂರು ಹೆಜ್ಜೆ ಹಿಂದೆ ಸರಿದಳು. “ಇಂಥಾ ಮೈಯಾಗ ದೇವರ ಬರಾಂಗಿಲ್ಲ. ಹಂಗಾರ ನಿನ್ನಿ ಬಂದಾಕಿ ದೇವರಾಗಿ ಬಂದಿಲ್ಲ.”

ಯಾರೂ ಕೇಳದೆಯೇ ಎಲ್ಲರಿಗೂ ತಿಳಿಯಿತು. ದೇವರಾದ ತಾಯಿ ಮಗನನ್ನು ಕರೆದರೆ ಅದು ಹೇಳಿಕೆ. ದೇವರಾಗದೆ ಉಳಿದ ತಾಯಿ, ಬೇನೆಯ ಮೈಯೊಂದನ್ನು ಹುಡುಕಿಕೊಂಡು ಬಂದು ಮಗನನ್ನು ತನ್ನ ಮಣ್ಣಿನ ಹತ್ತಿರ ಕರೆದರೆ, ಅದು ತನ್ನ ಜೊತೆ ಒಯ್ಯಲು ಕರೆದದ್ದು ಎಂದು ಚಿಕ್ಕ ಮಗುವಿಗೂ ಗೊತ್ತು.

“ಏಳಿಸ್ರಿ ಅವನ” ಎಂದು ತಾರವ್ವ ಚೀರಿದಳು. “ಗಿಡದ ನೆರಳ ದಾಟಿಸ್ರಿ. ದುಂಡ್ಯಾ, ಟೆಂಪೋ.”

ನಲವತ್ತು ಜನ ಒಮ್ಮೆಗೇ ಎದ್ದರು. ಕಂಬಳಿಯ ನಾಲ್ಕು ಮೂಲೆ ಹಿಡಿದು ಮಲಕಾರಿಯನ್ನು ಎತ್ತಿದರು. ಕಲ್ಲಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅರೆಗಣ್ಣಿನ ಮುದುಕ ಮಾತ್ರ ಸಪನಾಳ ಅಂಗಿಯ ಚುಂಗು ಹಿಡಿದು, “ಬ್ಯಾಡವಾ, ನಮ್ಮವ್ವ ಇಲ್ಲೆ ಒಬ್ಬಾಕಿನ ಅಕ್ಕಾಳ” ಎಂದ. ಅವನ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಟೆಂಪೋದಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳೊಬ್ಬಳೇ ಒಂದು ಬದಿಗೆ, ಮನೆಯವರೆಲ್ಲ ಇನ್ನೊಂದು ಬದಿಗೆ. ಅವಳು ಹೇಳಿದ್ದು ಸತ್ಯ. ಅವರು ತಿಳಿದುಕೊಂಡದ್ದು ಬೇರೆ. ಆದರೆ ಟೆಂಪೋ ಅಥಣಿಯ ಕಡೆಗೇ ಓಡುತ್ತಿತ್ತು, ಸದ್ಯಕ್ಕೆ ಅಷ್ಟು ಸಾಕಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೇ ದುಂಡೇಶ ಎಲ್ಲರೆದುರು ಹೇಳಿಬಿಟ್ಟ: “ಈ ಸಿಸ್ಟರಗ ಬ್ಯಾನಿ ಐತ್ರಿ. ದೆವ್ವನೂ ಐತ್ರಿ. ನಮ್ಮಪ್ಪಗ ಬ್ಯಾರೇದಾವ್ರನ್ನ ಕೊಡ್ರಿ.” ಡಾಕ್ಟರು ಮಲಕಾರಿಯನ್ನು ಒಳಗೆ ಒಯ್ದರು. ಸುಂದರಾ ಸಪನಾಳನ್ನು ಸ್ಟೋರ್ ರೂಮಿಗೆ ಕರೆದು ಬಾಗಿಲು ಹಾಕಿದಳು.

“ದೆವ್ವದ ಸುದ್ದಿ ಆಮ್ಯಾಲ ನೋಡೂಣು. ಬ್ಯಾನಿ ಖರೇನ?”

“ಖರೇರಿ.”

“ಎಷ್ಟ ವರ್ಷಾತು?” ಕೇಳಿ, ಉತ್ತರ ಕೇಳಿ, ಸುಂದರಾ ಸ್ಟೂಲಿನ ಮೇಲೆ ಕೂತಳು. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷದ ಸರ್ವಿಸು. “ನನಗ ಬಿಪಿ ಐತಿ. ಡಾಕ್ಟರಗ ಎರಡ ಸ್ಟೆಂಟ್ ಅದಾವ. ಬ್ಯಾನಿ ಇದ್ದಾವ್ರು ಕೆಲಸಾ ಮಾಡಬಾರದು ಅಂದ್ರ ಈ ದವಾಖಾನಿಗಿ ಕೀಲಿ ಹಾಕಬೇಕು. ನಾ ನಿನ್ನಿ ಉಣ್ಣೂದ ಬಿಟ್ಟ ಬಾ ಅಂದ್ನಿ. ಗೊತ್ತಿದ್ರ ಅಂತಿದ್ನೇನ? ನೀ ಮುಚ್ಚಿಟ್ಟಿ, ನಾ ಕರದ್ನಿ, ಆ ಮುದುಕಾ ಸಾಯತಿದ್ದ. ನೀ ಕೊಡೂ ಸೂಜ್ಯಾಗ ಒಂದಕ್ಕ ಹತ್ತ ತುಂಬಿದ್ರ ಇನ್ನೊಬ್ಬ ಸಾಯತಿದ್ದ. ತಿಳೀತನ?”

“ತಿಳೀತ್ರಿ.”

“ಅಳಬ್ಯಾಡ. ಅತ್ರ ಸಕ್ಕರಿ ಏರತೈತೋ ಇಳೀತೈತೋ ನನಗ ಗೊತ್ತಿಲ್ಲ.”

ಡಾಕ್ಟರ ಮುಂದೆ ಸುಂದರಾ ಏನು ಹೇಳಿದಳೋ, ಸಂಜೆಗೆ ತೀರ್ಮಾನವಾಯಿತು. ಫಾರ್ಮಿನ ಆ ಸಾಲು ತಿದ್ದಬೇಕು. ಕಾಯಂ ಆಗುವುದು ಆರು ತಿಂಗಳಿಗಲ್ಲ, ಒಂಬತ್ತಕ್ಕೆ. ಔಷಧಿಯ ಸುತ್ತಿಗೆ ಹೊರಡುವ ಮುಂಚೆ ಪ್ರತಿ ಸಲ ಮೀಟರಿನಲ್ಲಿ ನೋಡಿಕೊಂಡು ಪುಸ್ತಕದಲ್ಲಿ ಬರೆಯಬೇಕು. ಒಂದಕ್ಕೆ ಊಟ, ಟ್ರ್ಯಾಕ್ಟರ್ ಬೀಳಲಿ, ಆಕಾಶ ಬೀಳಲಿ. ಸಪನಾ ಭೋಜಕ್ಕೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದಳು. ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದ್ದನ್ನು ಮಾತ್ರ ಹೇಳಲಿಲ್ಲ.

ಮಲಕಾರಿಯ ಎರಡು ಬೆರಳು ಹೋದವು, ಕಾಲು ಉಳಿಯಿತು. ವಾರ್ಡಿನ ಕೆಲವರು ಅವಳ ಕೈಯಿಂದ ಗುಳಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಎಂಟನೇ ಕಾಟಿನ ಹೆಂಗಸು ಅವಳು ಹಾದುಹೋಗುವಾಗ ಮುಖಕ್ಕೆ ಸೆರಗು ಹಾಕಿಕೊಳ್ಳುತ್ತಿದ್ದಳು. ಸುಂದರಾ ಕೇಳುವವಳಲ್ಲ. “ಈಕಿ ಕೈಯಾಂದ ಬ್ಯಾಡಂದ್ರ ನನ್ನ ಕೈಯಾಂದ ತಗೋರಿ. ನನ್ನ ಕೈ ಭಾಳ ನೋಯತೈತಿ” ಎಂದಳು. ಎರಡು ದಿನದಲ್ಲಿ ಅರ್ಧ ವಾರ್ಡು ಸರಿಯಾಯಿತು. ಮಲಕಾರಿಯಂತೂ ಮಗನ ಮಾತಿಗೆ ಒಪ್ಪದೆ, ಸಪನಾಳೇ ಪಟ್ಟಿ ಕಟ್ಟಬೇಕು ಎಂದು ಹಟ ಹಿಡಿದ.

ಎಂಟನೇ ದಿನ ಅವನ ಪಟ್ಟಿ ಬದಲಿಸಿ, ಥರ್ಮಾಮೀಟರ್ ಇಟ್ಟು ನೋಡಿದಳು. ತೊಂಬತ್ತೆಂಟು. ಜ್ವರ ಬಿಟ್ಟು ಮೂರು ದಿನವಾಗಿತ್ತು. ಮುದುಕ ಚೆನ್ನಾಗಿ ಮಾತಾಡುತ್ತಿದ್ದ, ಕುರಿಯ ರೇಟು ಕೇಳಿದ್ದ, ಸೊಸೆ ತಂದ ರೊಟ್ಟಿ ಗಟ್ಟಿಯಾಗಿದೆ ಎಂದು ಬೈದಿದ್ದ. ಆಚೆಯಿಂದ ಸುಂದರಾಳ ದನಿ ಬಂತು: “ಸಪನಾ, ಒಂದಾತು.”

“ಊಟಾ ಮಾಡಿ ಬರತೇನ್ರಿ ಅಜ್ಜಾ” ಎಂದು ತಟ್ಟೆ ಎತ್ತಿಕೊಂಡಳು.

“ಹೋಗಿ ಬಾ ನನ್ನವ್ವ.” ಮಲಕಾರಿ ಸಮಾಧಾನದಿಂದ ನಕ್ಕ. ಆಮೇಲೆ ಅವನ ಕಣ್ಣು ಅವಳ ಎಡ ಭುಜದ ಹಿಂದೆ, ಒಂದು ಗೇಣು ಕೆಳಗೆ, ಕುಳ್ಳಗಿನ ಹೆಂಗಸಿನ ಮುಖ ಇರಬಹುದಾದ ಎತ್ತರಕ್ಕೆ ಸರಿಯಿತು. ದಿನವೂ ಕಾಣುವವರೊಡನೆ ಮಾತಾಡುವ ಹಾಗೆ ಹೇಳಿದ: “ನೀ ಯಾಕ ಇಲ್ಲೆ ನಿಂತಿ ಬೇ ಯವ್ವಾ? ನೀನೂ ಹೋಗ. ಆಕಿ ಜೋಡಿ ಎರಡ ತುತ್ತ ಉಂಡ ಬಾ.”

ಸಪನಾ ತಿರುಗಿ ನೋಡಲಿಲ್ಲ. ತಟ್ಟೆಯನ್ನು ಸ್ಥಳದಲ್ಲಿಟ್ಟಳು. ಉದ್ದನೆಯ ಪಡಸಾಲೆ ದಾಟುವಾಗ ತನ್ನ ಹೆಜ್ಜೆಯನ್ನು ಎಣಿಸಲಿಲ್ಲ, ಸದ್ದಿಗೆ ಕಿವಿಗೊಡಲಿಲ್ಲ. ಬೆರಳಿಗೆ ಚುಚ್ಚಿ ನೋಡಿ, ಪುಸ್ತಕದಲ್ಲಿ ಅಂಕಿ ಬರೆದು, ಎಲ್ಲರೆದುರೇ ಸೂಜಿ ಹಾಕಿಕೊಂಡಳು. ಡಬ್ಬಿಯ ಮುಂದೆ ಕೂತು ಮುಚ್ಚಳ ತೆರೆದಳು. ಎದುರಿನ ಖುರ್ಚಿ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಮೊದಲೇ ಹಾಗಿತ್ತೋ ಏನೋ. ಅದನ್ನು ಒಳಕ್ಕೆ ತಳ್ಳಲು ಕೈ ಚಾಚಿದವಳು ಕೈ ಹಿಂದಕ್ಕೆ ತೆಗೆದುಕೊಂಡು, ಡಬ್ಬಿಯೊಳಗಿನ ಎರಡೂ ರೊಟ್ಟಿಯನ್ನು ಅವಸರವಿಲ್ಲದೆ, ಒಂದು ಚೂರೂ ಬಿಡದೆ ಉಂಡಳು.